ಎಡಗೈಯ ರೀಲು

ಜೇವರ್ಗಿಯಲ್ಲಿ ಬಲೆ, ಹಗ್ಗ, ಗಾಳ ಮಾರುವ ಅಂಗಡಿಗೆ ಹೋಗಿ ಮೀನು ಹಿಡಿಯುವಾಗ ದಾರ ಸುತ್ತುವ ರೀಲು ತೋರಿಸಿ ಎಂದಾಗ ಅಂಗಡಿಯವರು ಕೇಳಿದ ಮೊದಲ ಮಾತು, "ಯಜಮಾನ್ರಿಗಿ ಬೇಕಾಗ್ಯಾದೇನ್ರಿ ಅಕ್ಕಾರ?"

"ನನಗ ಬೇಕಾಗ್ಯಾದ್ರಿ."

ಅವರು ನಕ್ಕರು. ಮೈ ಉರಿಯಿತು. ಆದರೂ ತೋರಿಸಿ ಎಂದು ಕೈ ಚಾಚಿದೆ, ಸಾಮಾನು ಬೇಕಾಗಿತ್ತಲ್ಲ.

ನನ್ನ ತವರು ಭೀಮಾ ದಂಡೆಯಲ್ಲೇ ಇತ್ತು. ಅಪ್ಪ ಕಟ್ಟಿಗೆ ತುಂಡಿಗೆ ದಾರ ಸುತ್ತಿಕೊಂಡು ಮೀನು ಹಿಡಿಯುತ್ತಿದ್ದ, ನನಗೂ ದಾರ ಕೊಡುತ್ತಿದ್ದ. ನಾನು ಎಡಚಿ. ಬಲಗೈಯಲ್ಲಿ ಉಣ್ಣುವುದನ್ನು ಅವ್ವ ಹೊಡೆದು ಕಲಿಸಿದಳು, ಬರೆಯುವುದನ್ನು ಮಾಸ್ತರರು ಹೊಡೆದು ಕಲಿಸಿದರು. ಮದುವೆಯಾಗಿ ಅಫಜಲಪುರಕ್ಕೆ ಬಂದ ಮೇಲೆ ಬಡಿಸುವುದನ್ನು ಅತ್ತೆ ತಿದ್ದಿದರು. ಗಾಳ ಹಿಡಿದ ಕೈಯನ್ನು ಮಾತ್ರ ಅಪ್ಪ ಯಾವತ್ತೂ ತಿದ್ದಲಿಲ್ಲ. ಯಾವಾಗಲಾದರೊಂದು ಭಾನುವಾರ ಹೊಳೆ ದಂಡೆಯಲ್ಲಿ ಮತ್ತೆ ಹಾಗೆ ಕೂರಬೇಕು ಅನ್ನುವುದಷ್ಟೇ ನನ್ನ ಆಸೆ.

ಅದಕ್ಕೆ ದುಬಾರಿ ರೀಲು ಬೇಕಿರಲಿಲ್ಲ. ಅಂಗಡಿಯವರು ಥಳಥಳ ಹೊಳೆಯುವ ದೊಡ್ಡದೊಂದನ್ನು ಮುಂದಿಟ್ಟರು. ಹೊಳೆಯ ಸಣ್ಣ ರೋಹು ಮೀನಿಗೆ ಅಷ್ಟು ಭಾರದ್ದು ಕಟ್ಟಿಕೊಂಡರೆ ಮಣಿಕಟ್ಟು ನೋಯುತ್ತದೆ. ಅಗ್ಗದವನ್ನೇ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ತಿರುವಿ ನೋಡಿದೆ, ಕರಕರ ಅಂದದ್ದನ್ನು ವಾಪಸ್ ಇಟ್ಟೆ. ಮೀನು ಜಗ್ಗಿದರೆ ದಾರ ಹರಿಯದಂತೆ ಬಿಟ್ಟುಕೊಡುತ್ತದೋ ಇಲ್ಲವೋ ಎಂದು ಎಳೆದೂ ನೋಡಿದೆ. ಕೊನೆಗೆ ಸಾದಾ ಕಪ್ಪು ಬಣ್ಣದ ಸಣ್ಣದೊಂದನ್ನು ಆರಿಸಿದೆ. ಅದರ ಹಿಡಿಕೆಯನ್ನು ಬಿಚ್ಚಿ ಯಾವ ಕಡೆಗಾದರೂ ಹಾಕಬಹುದಿತ್ತು. ಎಲ್ಲರೂ ಬಲಗೈಯಲ್ಲಿ ಗಾಳದ ಕೋಲು ಹಿಡಿದು ಎಡಗೈಯಲ್ಲಿ ತಿರುವುತ್ತಾರೆ, ನನ್ನದು ಉಲ್ಟಾ. ಅಂಗಡಿಯಲ್ಲೇ ನಿಂತು ಹಿಡಿಕೆಯನ್ನು ಬಲಕ್ಕೆ ಹಾಕಿಸಿಕೊಂಡೆ. ನನ್ನ ಕೈಗೆ ತಕ್ಕಂತೆ ಬದಲಾದ ಮೊದಲ ವಸ್ತು ಅದು.

ಮನೆಗೆ ತಂದಾಗ ಅತ್ತೆ ಹೇಳಿದರು, "ಹೊಸ ಸಾಮಾನದ ಬೋಣಿ ಗಂಡಸರ ಕೈಲೆ ಆಗ್ಬೇಕವಾ. ಒಂದ್ ಸಲ ಅವ ಹೋಗಿ ಬರ್ಲಿ."

ನಮ್ಮಲ್ಲಿ ಎಲ್ಲದಕ್ಕೂ ಹಾಗೆಯೇ. ಒಂದು ಸಲ ತಾನೇ ಎಂದು ಕೊಟ್ಟೆ. ಗಂಡ ಗೆಳೆಯರ ಜೊತೆ ಗಾಣಗಾಪುರದ ಆಚೆಗೆ ಹೋದರು. ಮುಂದಿನ ಭಾನುವಾರವೂ ಹೋದರು, ಅದರ ಮುಂದಿನ ಭಾನುವಾರವೂ. ರೀಲು ಗೆಳೆಯನ ಮನೆಯಲ್ಲೇ ಉಳಿಯುತ್ತಿತ್ತು, ನಮ್ಮ ಮನೆಗೆ ಮೀನು ಮಾತ್ರ ಬರುತ್ತಿತ್ತು. ಕೇಳಿದರೆ ಗಂಡನದು ಒಂದೇ ಮಾತು, "ಹೆಣ್ಮಕ್ಕಳು ದಂಡಿಗಿ ಗಾಳ ಹಾಕೊಂಡು ಕುಂತ್ರ ನೋಡ್ದೋರು ಏನಂತಾರ?"

ಜಗಳ ತೆಗೆದೆ. ಕೊನೆಗೊಂದು ಸಂಜೆ ಮೀನಿನ ಚೀಲದ ಜೊತೆ ರೀಲನ್ನೂ ತಂದು ಕಟ್ಟೆಯ ಮೇಲಿಟ್ಟರು. ಹಿಡಿಕೆ ಎಡಕ್ಕಿತ್ತು. ಬಿಚ್ಚಲು ನೋಡಿದೆ, ಅಲುಗಲಿಲ್ಲ. ತಮ್ಮ ಕೈಗೆ ಹೊಂದಿಸಿಕೊಳ್ಳಲು ಇಕ್ಕಳ ಹಾಕಿ ತಿರುವಿದ್ದರು. ಸ್ಕ್ರೂ ಸೊಟ್ಟಗೆ ಕೂತುಬಿಟ್ಟಿತ್ತು.

"ಜಾಮ್ ಆಗ್ಯಾದ," ಎಂದರು, ಕೈ ತೊಳೆಯುತ್ತ. "ನೀ ಕೈ ಬದ್ಲ್ ಮಾಡ್ಕೊ, ಏನಾಗ್ತದ?"

ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ ಎಂದು ಕೂಗಬೇಕೆನ್ನಿಸಿತು. ಹಿತ್ತಲಿಗೆ ಹೋಗಿ ಎಡಗೈಯಲ್ಲಿ ಚಾಕು ಹಿಡಿದು ಮೀನಿನ ಹೊಟ್ಟೆ ಸೀಳಿ ಕರುಳು ತೆಗೆಯುತ್ತ ಕೂತೆ. ಅತ್ತೆ ಪಕ್ಕದಲ್ಲೇ ಕೂತು ನೋಡುತ್ತಿದ್ದರು, ಕೈ ತಿದ್ದಲಿಲ್ಲ. ಇಂಥ ಕೆಲಸಕ್ಕೆ ನನ್ನ ಎಡಗೈ ಈ ಮನೆಯಲ್ಲಿ ಯಾರಿಗೂ ಅಡ್ಡಿಯಾಗಿಲ್ಲ.