ಅಣ್ಣ ಬೇಡವೆಂದ ಅರಗು

ಅಣ್ಣನ ಬಲಗೈಯಲ್ಲಿ ಹೆಬ್ಬೆರಳೂ ಅದರ ಪಕ್ಕದ ಬೆರಳೂ ಬುಡದವರೆಗೆ ಹೋಗಿದ್ದವು ಎಂದು ನನ್ನ ನೆನಪು. ಹೆಬ್ಬೆರಳು ಅರ್ಧ ಉಳಿದಿತ್ತು ಎನ್ನುತ್ತಾರೆ ಅತ್ತಿಗೆ. ಆ ಕೈಗೆ ಎಣ್ಣೆ ಹಚ್ಚಿದವರು, ಬಟ್ಟೆ ಸುತ್ತಿದವರು ಅವರು. ಅವರ ಮಾತೇ ಸರಿಯಿರಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವ ಕೈಯಲ್ಲಿ ಆ ಅರ್ಧ ಬೆರಳಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಇಬ್ಬರು ಅಳೆದು ಎರಡು ಉತ್ತರ ಬಂದರೆ ಮತ್ತೆ ಅಳೆಯಬೇಕು ಎಂದು ಕಲಿತವನು. ಇಲ್ಲಿ ಮತ್ತೆ ಅಳೆಯಲು ಅಣ್ಣನೇ ಇಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಇರಬೇಕು. ಅಣ್ಣ ಬೆಂಗಳೂರಿನ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸದಲ್ಲಿದ್ದ. ಚಕ್ರದ ಗರಗಸಕ್ಕೆ ಕೈ ಸಿಕ್ಕಿತು. ಗಾಯ ಒಣಗಿದ ಮೇಲೆ ಬಾಗಲೂರಿನ ಹತ್ತಿರದ ನಮ್ಮ ಊರಿಗೆ ಬಂದ. ನಮ್ಮದು ಹೊಲದ ಮನೆತನ. ಅವನೊಬ್ಬ ಮಾತ್ರ ಚಿಕ್ಕಂದಿನಲ್ಲೇ ಕೆಲಮಂಗಲದ ಬಡಗಿಯೊಬ್ಬರ ಹತ್ತಿರ ಕೆಲಸ ಕಲಿಯಲು ಹೋದವನು. ಈಗ ನೇಗಿಲು ಹಿಡಿ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವನೇ ಒಂದು ದಿನ ಊಟದ ನಡುವೆ ಹೇಳಿದ: "ರಸ್ತೆ ಪಕ್ಕದ ಕೊಟ್ಟಿಗೆ ಖಾಲಿ ಐತಲ್ಲ, ಅಲ್ಲೇ ಕೆಲ್ಸ ಸುರು ಮಾಡ್ತೀನಿ. ನಾಳೆ ಹೊಸೂರಿಗೆ ಹೋಗಾನ ಬಾರ್ಲಾ, ಸಾಮಾನು ಆರಿಸ್ಬೇಕು."

ಅತ್ತಿಗೆ ಅನ್ನ ಬಡಿಸುತ್ತಿದ್ದವರು ಕೈ ನಿಲ್ಲಿಸಿದರು. ಆ ಕೈಯಿಂದ ಅವನು ಮತ್ತೆ ಬಡಗಿಯಾಗಬಲ್ಲನೇ ಎಂಬುದೊಂದೇ ಅಲ್ಲಿದ್ದ ನಮ್ಮೆಲ್ಲರ ತಲೆಯಲ್ಲಿ ಇದ್ದದ್ದು.

ಹೊಸೂರಿನ ಕಬ್ಬಿಣದ ಅಂಗಡಿಯ ಶೆಟ್ಟರು ಅಣ್ಣನಿಗೆ ಹಳೆಯ ಪರಿಚಯ. ನಮ್ಮೊಡನೆ ಕನ್ನಡ, ಒಳಗಿನ ಆಳಿನೊಡನೆ ತೆಲುಗು, ಪಕ್ಕದ ಗಿರಾಕಿಯೊಡನೆ ತಮಿಳು ಮಾತಾಡುತ್ತಲೇ ಅಣ್ಣನ ಕೈ ನೋಡದಂತೆ ನೋಡಿದರು.

"ಏನ್ ಮೇಸ್ತ್ರಿ, ಬೆಂಗ್ಳೂರು ಬಿಟ್ಬುಟ್ರಂತೆ?"

"ನಾನೆಲ್ಲಿ ಬಿಟ್ಟೆ ಶೆಟ್ರೆ? ಎರಡು ಬೆಳ್ಳು ಅಡ ಇಟ್ಕಂಡು ಅದೇ ನನ್ನ ಬಿಡ್ತು."

ಶೆಟ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಉಳಿಗಳನ್ನು ತಂದು ಚಾಪೆಯ ಮೇಲೆ ಸುರಿದರು. ಯುದ್ಧದಲ್ಲಿ ಒಳ್ಳೆಯ ಉಕ್ಕೇ ಸಿಗುತ್ತಿರಲಿಲ್ಲ. ಆಗ ತಾನೇ ಸೀಮೆಯ ಮಾಲು ಇಂಗ್ಲೆಂಡಿನಿಂದ ಮತ್ತೆ ಬರಲು ಶುರುವಾಗಿತ್ತು. ನುಣುಪಾದ ಹಳದಿ ಹಿಡಿ ಹಾಕಿಯೇ ಬಂದಿದ್ದ ಉಳಿಗಳು. ಅಣ್ಣ ಅವನ್ನು ಪಕ್ಕಕ್ಕೆ ಸರಿಸಿದ.

"ಹಿಡಿ ಬ್ಯಾಡ. ಬರೀ ಕಬ್ಬಿಣ ಕೊಡಿ."

ನಮ್ಮ ಕಡೆಯ ಬಡಗಿಗಳು ಅಂಗಡಿಯಲ್ಲಿ ಕಬ್ಬಿಣ ಮಾತ್ರ ಕೊಳ್ಳುತ್ತಿದ್ದರು. ಉಳಿಗಾಗಲಿ, ಮರ ಕೆತ್ತುವ ಬಾಚಿಗಾಗಲಿ ಹಿಡಿಯನ್ನು ತಮ್ಮ ಅಂಗೈಗೆ ತಕ್ಕಂತೆ ತಾವೇ ಕೆತ್ತಿಕೊಳ್ಳಬೇಕು. ಗುರು ಶಿಷ್ಯನಿಗೆ ಮೊದಲು ಹೇಳುವ ಕೆಲಸವೇ ಅದು. ಇನ್ನೊಬ್ಬ ಮಾಡಿದ ಹಿಡಿ ಹಿಡಿದವನನ್ನು ಯಾರೂ ಬಡಗಿಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನನಗೆ ಇದು ಗೊತ್ತಿತ್ತು. ಆದರೂ ಹೇಳಿದೆ: "ಅಣ್ಣ, ಹಿಡಿ ಇರೋದನ್ನೇ ತಗೊ. ಈಗ ನಿನಗೆ..."

"ಈಗ ನಂಗೇನ್ಲಾ? ಕಾಲೇಜಲ್ಲಿ ನಿಂಗೆ ಕಂಡೋರ ಕನ್ನಡ್ಕ ಹಾಕಿ ಓದಿಸಿದ್ರಾ?"

ಒಂದೊಂದೇ ಕಬ್ಬಿಣವನ್ನು ಎಡಗೈಯಲ್ಲಿ ಎತ್ತಿ, ಉಗುರಿನಿಂದ ಮೀಟಿ, ನಾದ ಕೇಳಿ ಆರಿಸಿದ. ಅಗಲ ಉಳಿ, ಸಣ್ಣ ಉಳಿ, ಬಾಚಿ, ಮರ ನುಣುಪು ಮಾಡುವ ಹತ್ತರಿಯ ಅಲಗು. ಅಂಗಡಿಯ ಹಿಂದೆ ಕಾಲಿನಿಂದ ತುಳಿದು ತಿರುಗಿಸುವ ಹಳೆಯ ಲೇತೊಂದಿತ್ತು. ತೊಟ್ಟಿಲ ಕಂಬ, ಮಂಚದ ಕಾಲು ಕಡೆಯಲು ಅದು ಸಾಕು. ಉಳಿಯನ್ನು ಆನಿಸಲು ಅದರಲ್ಲೇ ಕಬ್ಬಿಣದ ಪಟ್ಟಿಯಿದೆ, ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಬಿಗಿ ಹಿಡಿತ ಅಷ್ಟು ಬೇಕಿಲ್ಲ ಎಂದು ನಾನು ಸನ್ನೆಗೋಲಿನ ಪಾಠವನ್ನೆಲ್ಲ ಹೇಳಿದೆ. ಅಣ್ಣ ಒಂದು ಸಲ ತುಳಿದ. ಚಕ್ರ ಗುಂಯ್ ಎಂದಿತು. ಕಾಲು ತೆಗೆದ.

"ಬ್ಯಾಡ. ಹೆದ್ರಿಕೆ ಅಂತ ತಿಳ್ಕೋಬ್ಯಾಡ ಕಣ್ಲಾ. ಅದು ತಿರುಗಿದ್ರೆ ಇಲ್ದಿರೋ ಬೆಳ್ಳು ಉರೀತೈತೆ."

ಕೊನೆಗೆ ಮೆರುಗಿನ ಸಾಮಾನು. ಅಣ್ಣ ಅಗಸೆ ಎಣ್ಣೆ, ಜೇನುಮೇಣ ಎರಡೇ ಕೇಳಿದ. ಎಣ್ಣೆ ಉಜ್ಜಿದರೆ ಮರ ಇದ್ದಂತೆ ಕಾಣುತ್ತದೆ, ಕೆಲಸವೂ ಇದ್ದಂತೆ ಕಾಣುತ್ತದೆ. ಶೆಟ್ಟರು ಕೆಂಪು ಅರಗಿನ ಕಡ್ಡಿಗಳನ್ನು ಮುಂದೆ ಮಾಡಿದರು. ಜೋಡಣೆಯಲ್ಲಿ ಸಂದು ಬಿಟ್ಟರೆ ಅದನ್ನು ಕರಗಿಸಿ ತುಂಬುತ್ತಾರೆ.

"ಅದನ್ನ ಸೂಳಗಿರಿಯೋನ್ಗೆ ಕೊಡಿ ಶೆಟ್ರೆ," ಎಂದ ಅಣ್ಣ. "ಅವನು ಮಾಡಿದ ಪೆಟ್ಟಿಗೇಲಿ ರಾಗಿ ತುಂಬ್ಕಂಡು ಗಾಡೀಲಿ ಹೋದ್ರೆ ಸೂಳಗಿರಿಯಿಂದ ಹೊಸೂರುಗಂಟ ದಾರಿ ತುಂಬ ಪೈರು ಮೊಳೀತೈತೆ. ಸಂದಿಗೆ ಅರಗು ಮೆತ್ತೋ ಗತಿ ನಂಗಿನ್ನೂ ಬಂದಿಲ್ಲ."

ಸೂಳಗಿರಿಯವನು ಅವನ ಜೊತೆಗೇ ಕೆಲಸ ಕಲಿತ ಗೆಳೆಯ. ಅಣ್ಣ ನಗುತ್ತ ಹೇಳಿದ ಎಂದು ನನ್ನ ನೆನಪು. ಶೆಟ್ಟರಂತೂ ಈ ಸಲ ಧೈರ್ಯವಾಗಿ ನಕ್ಕರು.

ಹುಣಸೆ ಮರದ ತುಂಡು ಮನೆಯಲ್ಲೇ ಇತ್ತು. ಮೊದಲು ಬಾಚಿಗೆ ಹಿಡಿಯಾಗಬೇಕು. ಆಮೇಲೆ ಆ ಬಾಚಿಯಿಂದ ಉಳಿದ ಹಿಡಿಗಳು. ಆ ಮೊದಲ ಹಿಡಿ ಕೆತ್ತಲು ಮನೆಯ ಹಳೆಯ ಮಚ್ಚನ್ನು ಅತ್ತಿಗೆ ಅವನ ಬಲಗೈಗೆ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದರು. ಏಟು ಬಿದ್ದಾಗಲೆಲ್ಲ ಮಚ್ಚು ಅಂಗೈಯಲ್ಲಿ ಹೊರಳುತ್ತಿತ್ತು. ಎಡಗೈಯಲ್ಲಿ ಹಿಡಿದರೆ ಏಟು ಎಲ್ಲೋ ಬೀಳುತ್ತಿತ್ತು. ಹಲವು ದಿನ ಹೀಗೇ ನಡೆಯಿತು. ಕೊಟ್ಟಿಗೆಯ ಬಾಗಿಲು ಮುಂದಕ್ಕೆ ಮಾಡಿ ಒಳಗೆ ಕೂತಿರುತ್ತಿದ್ದ; ಏಟಿನ ಸದ್ದು, ಮಚ್ಚು ನೆಲಕ್ಕೆ ಬಿದ್ದ ಸದ್ದು, ಮತ್ತೆ ಏಟು.

ಆಗ ನನಗೊಂದು ಉಪಾಯ ಹೊಳೆಯಿತು. ಮೆತ್ತನೆಯ ಹುತ್ತದ ಮಣ್ಣನ್ನು ಒಂದು ಕೋಲಿಗೆ ಮೆತ್ತಿ ಅವನು ಅದನ್ನು ಬಿಗಿಯಾಗಿ ಹಿಡಿಯಲಿ. ಆ ಅಚ್ಚು ನೋಡಿಕೊಂಡು ಬೇರೆ ಯಾರಾದರೂ ಹುಣಸೆಯಲ್ಲಿ ಕೆತ್ತಿಕೊಟ್ಟರೆ ಅದು ಅವನ ಕೈಯದೇ ಹಿಡಿಯಾದಂತಲ್ಲವೇ? ಮಣ್ಣಲ್ಲ, ಕಲಸಿದ ರಾಗಿ ಹಿಟ್ಟು, ತಾನೇ ಕೊಟ್ಟದ್ದು ಎನ್ನುತ್ತಾರೆ ಅತ್ತಿಗೆ. ಇರಬಹುದು. ಅಣ್ಣ ವಾದ ಮಾಡಲಿಲ್ಲ. ಹಿಡಿದ, ಬಿಟ್ಟ. ಒಂದು ಬದಿಯಲ್ಲಿ ಮೂರು ಬೆರಳಿನ ಗುಳಿಗಳು ಚೆನ್ನಾಗಿ ಮೂಡಿದ್ದವು. ಅವಕ್ಕೆ ಎದುರಾಗಿ ಒತ್ತಿ ಹಿಡಿಯಬೇಕಾದ ಇನ್ನೊಂದು ಬದಿ ನುಣ್ಣಗಿತ್ತು.

ನುಣ್ಣಗಿತ್ತೇ? ಅರ್ಧ ಬೆರಳು ಇದ್ದಿದ್ದರೆ ಅಲ್ಲೊಂದು ಸಣ್ಣ ಗುಳಿ ಬೀಳಬೇಕಿತ್ತು. ಸಣ್ಣ ಗುಳಿ ಇದ್ದಿದ್ದರೆ ಅದನ್ನೇ ಆಧಾರ ಮಾಡಿಕೊಂಡು ಬೇರೆ ಆಕಾರದ ಹಿಡಿ ಯೋಚಿಸಬಹುದಿತ್ತು, ಅಡ್ಡಪಟ್ಟಿ ಕೊಡಬಹುದಿತ್ತು. ಏನೂ ಮಾಡಲು ಆಗುತ್ತಿರಲಿಲ್ಲ ಎಂದು ನಂಬಲು ನನಗೆ ನುಣುಪೇ ಅನುಕೂಲ. ಅದಕ್ಕೇ ನನ್ನ ನೆನಪು ನುಣುಪನ್ನು ಇಟ್ಟುಕೊಂಡಿದೆಯೋ ಏನೋ, ಹೇಳಲಾರೆ.

ಅಣ್ಣ ಆ ಅಚ್ಚನ್ನು ಬೆಳಕಿಗೆ ತಿರುಗಿಸಿ ನೋಡಿದ. ತನ್ನ ಕೈಯನ್ನು ಅವನು ಎಂದೂ ಹಾಗೆ ದಿಟ್ಟಿಸಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಇದ್ಯಾರ ಕೈಲಾ?" ಎಂದ.

ಆಮೇಲೆ ಅದನ್ನು ಕೋಲಿನಿಂದ ಕಿತ್ತು, ಹಿಸುಕಿ ಉಂಡೆ ಮಾಡಿ ಅತ್ತಿಗೆಯ ಕೈಗೆ ಕೊಟ್ಟ. ಅವರು ಅದನ್ನು ಹಿಡಿದುಕೊಂಡೇ ನಿಂತಿದ್ದರು, ಎಲ್ಲಿಡಬೇಕೆಂದು ತಿಳಿಯದೆ.

ಮರುವಾರ ನಾನು ಹೊಸೂರಿಗೆ ಹೊರಟಿದ್ದೆ. ಅಣ್ಣ ಹೊಸ್ತಿಲಲ್ಲಿ ಕೂತು ಎಡಗೈಯಿಂದ ಕಾಲು ಒತ್ತಿಕೊಳ್ಳುತ್ತಿದ್ದ.

"ಇನ್ಮ್ಯಾಕೆ ಕಂಡೋರು ಮಾಡಿದ್ದಕ್ಕೆ ಪಾಲಿಶ್ ಹಾಕ್ತೀನಿ. ಅದಕ್ಕೆ ಸ್ಪಿರಿಟ್ಟು ಬೇಕು. ಶೆಟ್ರ ಅಂಗ್ಡೀಲಿ ಐತೆ, ತತ್ತಾ."

"ಆಗಲಿ ಅಣ್ಣ."

"ಮೆತ್ತಗಿರೋ ಹಳೇ ಬಟ್ಟೆ ನಿಮ್ಮತ್ಗೆ ಕೊಡ್ತಾಳೆ. ಉಜ್ಜಾಕೆ ಅಂಗೈ ಸಾಕು." ರಸ್ತೆ ನೋಡುತ್ತ ಹೇಳಿದ: "ಅಂಗೇ ಒಂದೆರಡು ಕಡ್ಡಿ ಅರಗೂ ತತ್ತಾ. ಕೆಂಪು ಬ್ಯಾಡ. ಮರದ ಬಣ್ಣದ್ದು."

ಶೆಟ್ಟರು ಕಾಗದದಲ್ಲಿ ಸುತ್ತಿಕೊಟ್ಟರು.

ಪಾಲಿಶ್‌ಗೆ ಮೊದಲು ಬಂದದ್ದು ಸೂಳಗಿರಿಯವನ ಮೇಜು. ಗಾಡಿಯಲ್ಲಿ ಹೇರಿಕೊಂಡು ಅವನೇ ಬಂದಿದ್ದ. ಕೆಲಸ ಕೊಡಬೇಕೆಂದೇ ಬಂದದ್ದು ಎಂದು ಎಲ್ಲರಿಗೂ ಗೊತ್ತು. ಯಾರಿಗೂ ಅದು ಗೊತ್ತೇ ಇಲ್ಲವೆಂಬಂತೆ ಮಜ್ಜಿಗೆ ಕುಡಿದೆವು. ಅಣ್ಣ ಮೇಜಿನ ಸುತ್ತ ಎಡಗೈ ಆಡಿಸಿದ. ಕಾಲು ಕೂಡುವ ಮೂಲೆಯಲ್ಲಿ ಕೈ ನಿಂತಿತು. ಉಗುರು ಹೋಗುವಷ್ಟು ಸಂದು. ಸೂಳಗಿರಿಯವನು ಬೈಗುಳಕ್ಕೆ ತಯಾರಾಗಿ ನಗುತ್ತ ನಿಂತಿದ್ದ. ಅಣ್ಣ ಕೆಂಡದ ತಟ್ಟೆ ಹತ್ತಿರ ಎಳೆದುಕೊಂಡ.

"ಏನ್ಲಾ, ಸುಮ್ನೆ ಕುಂತ್ಬುಟ್ಟೆ? ಬೈಯ್ಲಾ," ಎಂದ ಗೆಳೆಯ. "ರಾಗಿ ಸುರೀತೈತೆ ಅನ್ನು. ಇಲಿ ಮರಿ ಹಾಕ್ತೈತೆ ಅನ್ನು."

"ಕಾಣಾಕಿಲ್ಲ ಬಿಡು. ಕಾಣ್ದಂಗೆ ಮಾಡ್ತೀನಿ."

"ನಿನ್ನ ಬೈಗುಳ ಕೇಳಾಕೇ ಅಷ್ಟು ದೂರದಿಂದ ಬಂದಿವ್ನಿ ಕಣ್ಲಾ."

ಅಣ್ಣ ಅರಗಿನ ಕಡ್ಡಿಯನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದ. ಕರಗಿದ ಹನಿ ಸಂದಿಗೆ ಇಳಿಯಿತು. ಆಮೇಲೆ ಬಟ್ಟೆಯ ಉಂಡೆಯನ್ನು ಸ್ಪಿರಿಟ್ಟಿನ ಪಾಲಿಶ್‌ನಲ್ಲಿ ಅದ್ದಿ ಬಲಗೈಯ ಅಂಗೈಯಿಂದ ಸುತ್ತಿ ಸುತ್ತಿ ಉಜ್ಜಿದ. ಮರ ಹೊಳೆಯತೊಡಗಿತು. ಸಂಜೆ ಹೊರಡುವ ಮೊದಲು ಸೂಳಗಿರಿಯವನು ಬಗ್ಗಿ ಆ ಮೂಲೆಯ ಮೇಲೆ ಬೆರಳೆಳೆದ. ಎರಡನೆಯ ಸಲ ಎಳೆದ. ಸಂದು ಸಿಗಲಿಲ್ಲ. ಅವನ ಮುಖ ಇಳಿದುಹೋಯಿತು.

ಅವನ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ. ನೆನಪಾಗದೆ ಉಳಿದದ್ದು ಒಂದೇ. ಬಿಸಿ ಅರಗು ಸಂದಿಗೆ ಬಿದ್ದ ಕೂಡಲೇ ಅದನ್ನು ಒತ್ತಬೇಕು. ಹೆಬ್ಬೆರಳಿನಿಂದ ಒತ್ತುವುದು ವಾಡಿಕೆ. ಅಣ್ಣ ಯಾವುದರಿಂದ ಒತ್ತಿದ? ನಾನು ಪಕ್ಕದಲ್ಲೇ ಕೂತಿದ್ದೆ. ಕೆಂಡ ಕಾಣುತ್ತದೆ, ಹನಿ ಬೀಳುವುದು ಕಾಣುತ್ತದೆ, ಅರಗಿನ ವಾಸನೆಯೂ ಬರುತ್ತದೆ. ಅವನ ಕೈ ಸಂದಿನ ಹತ್ತಿರ ಬರುತ್ತಿದ್ದಂತೆ ನನಗೆ ಏನೂ ಕಾಣುವುದಿಲ್ಲ.