ಸೋಮವಾರದ ಗುಳಿಗೆ

ನನ್ನ ಗಂಡನ ಎದೆ ಕೆಟ್ಟಿದ್ದು ನನ್ನ ಅಡುಗೆಯ ಉಪ್ಪಿನಿಂದಲ್ಲ, ಅವರ ಅಕ್ಕನ ಮಾತಿನಿಂದ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಅವರಿಗೆ ಬಿಪಿ ಇದೆ ಎಂದು ತಿಳಿದ ದಿನವೇ ಸಾರಿನ ಉಪ್ಪು ಅರ್ಧ ಮಾಡಿದ್ದೆ. ಹಪ್ಪಳ, ಉಪ್ಪಿನಕಾಯಿ ಅಟ್ಟ ಸೇರಿದವು. ತಂಬಾಕು ಬಿಡಿಸಲು ವರ್ಷವಿಡೀ ಜಗಳವಾಡಿದ್ದೆ. ದಿನಕ್ಕೊಂದು ಗುಳಿಗೆ ನುಂಗುವುದಷ್ಟೇ ಅವರ ಪಾಲಿನ ಕೆಲಸ. ಅದನ್ನೂ ಅಕ್ಕ ಕೆಡಿಸಿದಳು. "ಉಪಾಸದ ದಿನ ಗೋಳಿ ನುಂಗಿದ್ರ ವ್ರತ ಕೆಡ್ತದೋ ತಮ್ಮಾ" ಎಂದಿದ್ದಳಂತೆ. ನಮ್ಮಲ್ಲಿ ಸೋಮವಾರ ಶಿವನ ಒಪ್ಪತ್ತು; ಶ್ರಾವಣ ಬಂದರೆ ತಿಂಗಳಿಡೀ. ಇವರು ನನಗೆ ಹೇಳದೆ ಆ ದಿನಗಳ ಗುಳಿಗೆಯನ್ನೆಲ್ಲ ಬಿಟ್ಟರು. ಶ್ರಾವಣ ಮುಗಿಯುವ ಮೊದಲೇ, ಹೆಸರುಕಾಳು ಮಾರಲು ಇಲ್ಲಿನ ನಾರಾಯಣಖೇಡದ ಬಜಾರಿಗೆ ಹೋದವರು ಎದೆ ಹಿಡಿದು ಕೂತರು.

ಜಹೀರಾಬಾದಿನ ದವಾಖಾನೆಗೆ ಒಯ್ದೆವು. ತನ್ನೂರು ಕಲ್ಹೇರದಿಂದ ಅಕ್ಕ ಬಂದಳು. ಬಂಧುಗಳೆಲ್ಲ ನಿಂತಿದ್ದಾಗ ನನ್ನ ಕಡೆ ಕೈ ಮಾಡಿ, "ಇಕಿ ಕೈ ಉಪ್ಪ ತಿಂದೇ ನನ್ನ ತಮ್ಮನ ಎದಿ ಒಡೀತು ನೋಡ್ರಿ" ಎಂದಳು. ಮಂಚದ ಮೇಲೆ ಎಚ್ಚರವಾಗಿಯೇ ಇದ್ದ ಇವರು ಬಾಯಿ ಬಿಡಲಿಲ್ಲ. ಡಾಕ್ಟರು ಬಂದು ಒತ್ತಿ ಒತ್ತಿ ಕೇಳಿದಾಗಲೇ ಗುಳಿಗೆ ಬಿಟ್ಟ ಸಂಗತಿ ಹೊರಬಿತ್ತು. ಅಷ್ಟರಲ್ಲಿ ಬಂಧುಗಳು ಬಸ್ಸು ಹತ್ತಿದ್ದರು. ನನ್ನ ಮೇಲಿನ ಅಪವಾದವೂ ಅವರ ಜೊತೆ ಊರೂರಿಗೆ ಹೋಯಿತು.

ಭಾನುವಾರ ಮನೆಗೆ ಬಂದೆವು. ಆರೈಕೆಗೆಂದು ಅಕ್ಕನೂ ಬಂದಳು. ಸಂಜೆ ನನ್ನೆದುರೇ, "ನಾಳಿ ಸೋಮವಾರ ಅದ. ಒಂದ ದಿನ ಬಿಟ್ಟರ ಏನೂ ಆಗಲ್ಲ" ಎಂದಳು. ಡಾಕ್ಟರು ಹೇಳಿದ್ದೇ ಬೇರೆ: ಹೀಗೇ ಬಿಡುತ್ತ ಹೋದರೆ ಮುಂದಿನ ಸಲ ದವಾಖಾನೆಗೆ ತರುವಷ್ಟು ಹೊತ್ತೂ ಸಿಗಲಿಕ್ಕಿಲ್ಲ. ನಾನು ಜಗಳ ತೆಗೆಯಲಿಲ್ಲ.

"ಅಕ್ಕಾ, ನಿಮಗೂ ತಲಿ ತಿರಗ್ತದ ಅಂತೀರಲಾ, ನಾಳಿ ಇಲ್ಲೇ ಸರಕಾರಿ ದವಾಖಾನಿಗಿ ಹೋಗಮು" ಎಂದೆ.

ನನಗೆ ಬುದ್ಧಿ ಬಂತು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಇವರು ಪೂಜೆ ಮುಗಿಸಿ ಏಳುವ ಮೊದಲೇ ಗುಳಿಗೆ, ನೀರು ಮುಂದಿಟ್ಟೆ. "ನುಂಗ್ರಿ. ಇಲ್ಲಂದ್ರ ಅಕ್ಕನ ಸಂಗಟ ಕಲ್ಹೇರಿಗಿ ನಡೀರಿ."

ನುಂಗಿದರು.

ಆಮೇಲೆ ಅಕ್ಕನನ್ನು ನಡೆಸಿಕೊಂಡೇ ಹೋದೆ. ಸಾಲಿನ ತುಂಬ ಹೆಂಗಸರು, ಕಲ್ಹೇರದವರೂ ಇದ್ದರು. ನರ್ಸಮ್ಮ ಅವಳ ತೋಳಿಗೆ ಪಟ್ಟಿ ಕಟ್ಟಿ ನೋಡಿದಳು. ತಮ್ಮನಿಗಿಂತ ಜಾಸ್ತಿ ಬಿಪಿ. ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದರು.

ಎಲ್ಲರಿಗೂ ಕೇಳುವಂತೆ ನರ್ಸಮ್ಮನನ್ನು ಕೇಳಿದೆ: "ಯವ್ವಾ, ಸೋಮವಾರ ಉಪಾಸ ಇದ್ದರೂ ನುಂಗಬೇಕೇನ್ರಿ?"

"ದಿನಾ ಅಂದ್ರ ದಿನಾ. ಉಪಾಸ ಅಂತ ಬಿಟ್ಟೇ ಮಂದಿ ಇಲ್ಲಿಗಿ ಬರ್ಲತ್ಯಾರ."

"ಇನ್ನೊಮ್ಮಿ ಜೋರ್ಲೆ ಹೇಳ್ರಿ. ತಮ್ಮಗ ಗೋಳಿ ಬಿಡಸ್ದವರು ಇವರೇ. ಕಿವಿ ಜರಾ ಮಂದ."

ಅವಳ ಕಿವಿ ನನ್ನದಕ್ಕಿಂತ ಚುರುಕು. ನರ್ಸಮ್ಮ ಇನ್ನೊಮ್ಮೆ ಹೇಳಿದಳು. ನಾನು ಮೂರನೆಯ ಸಲವೂ ಹೇಳಿಸಿದೆ.