ಹತ್ತಿಕಾಳೆಣ್ಣೆ ಕುಡಿದ ಲೇತು

ಕಣಿವೆಯ ಊರು ಮರ್ಗಿಲಾನಿನ ತೊಟ್ಟಿಲು ಬೀದಿಯಲ್ಲಿ ಕಸುಬಿನವರಿಗೆಲ್ಲ ಹಿರಿಯ, ಗುರು ಎಂದರೆ ಉಸ್ತಾ ಸೋತಿಬೋಲ್ಡಿ. ಆತ ಒಂದು ಮಾತು ಆಡಿದರೆ ಮುಗಿಯಿತು. "ಅದು ಸತ್ತ ಲೇತು. ಗುರುವಾರ ಗುಜರಿ ಲಾರಿ ಬರುತ್ತೆ" ಎಂದಾಗ ಬೀದಿಗೆ ಬೀದಿಯೇ ತಲೆಯಾಡಿಸಿತು. ಆಡಿಸದವಳು ತುರ್ಸುನೋಯ್ ಒಬ್ಬಳೇ.

ಮರ ಕಡೆಯುವ, ಹತ್ತು ಮೊಳ ಉದ್ದದ ಬೀಡುಕಬ್ಬಿಣದ ಲೇತು ಅದು, ಅವಳ ಅಜ್ಜನಿಗಿಂತ ಹಳೆಯದು. ಊರಿನ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅವಳು ಮರದ ಅಚ್ಚುಗಳನ್ನು ಕಡೆದದ್ದು ಅದರ ಮೇಲೇ. ಕಾರ್ಖಾನೆ ಮುಚ್ಚಿತು, ಲೇತನ್ನು ಬೀದಿಯವರು ಉಸ್ತಾನ ಕೊಟ್ಟಿಗೆಗೆ ಎಳೆದು ತಂದರು. ಅವಳನ್ನು ಮಾತ್ರ ಯಾರೂ ಕರೆಯಲಿಲ್ಲ. ಆರು ತಿಂಗಳಲ್ಲಿ ಮರ ತಿರುಗಿಸುವ ಕದಿರು ಕಚ್ಚಿಕೊಂಡು ನಿಂತಿತು. ಹಳೇ ಕಬ್ಬಿಣವೇ ಹಾಗೆ ಎಂದು ಉಸ್ತಾ ಕೈತೊಳೆದುಕೊಂಡ. ಕುಣಿಯಲಾರದವನಿಗೆ ನೆಲ ಡೊಂಕು, ಬಿಡಿ.

ಹೋಗಲಿ, ಅವಳೇ ಒಂದು ಅಂಗಡಿ ಇಡಬಾರದೆ? ಇಡುವಂತಿಲ್ಲ. ಅಲ್ಲಿ ಉಸ್ತಾ ಕಸುಬು ಕಲಿತವರ ಸೊಂಟಕ್ಕೆ ಪಟ್ಟಿ ಕಟ್ಟಿ, ಅಂಗೈ ಬಿಚ್ಚಿ ಫಾತಿಹಾ ಪ್ರಾರ್ಥನೆ ಹೇಳಿ ಹರಸಬೇಕು. ಹರಕೆ ಪಡೆಯದ ಕೈ ಕಡೆದ ತೊಟ್ಟಿಲಲ್ಲಿ ಯಾವ ತಾಯಿಯೂ ಮಗು ಮಲಗಿಸುವುದಿಲ್ಲ. ಹೆಂಗಸಿಗೆ ಪಟ್ಟಿ ಕಟ್ಟಿದ ಉಸ್ತಾ ಇದುವರೆಗೆ ಹುಟ್ಟಿಲ್ಲ. ಹೀಗಾಗಿ ಉಳಿ ಹಿಡಿದ ಆ ಕೈ ಮದುವೆ ಮನೆಗಳಲ್ಲಿ ಪಲೋವಿಗೆ ಕ್ಯಾರೆಟ್ ಹೆಚ್ಚುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೆ?

ಭಾನುವಾರ ಅವಳು ನೇರ ಉಸ್ತಾನ ಮುಂದೆ ಹೋಗಿ ನಿಂತಳು. "ಗುರುವಾರದವರೆಗೂ ಲೇತು ನನ್ ಕೈಗೆ ಬಿಡಿ. ತಿರುಗದಿದ್ರೆ ನಾನೇ ಲಾರಿಗೆ ತಳ್ತೀನಿ."

"ತಿರುಗಿದ್ರೆ?"

"ನಾಲ್ಕು ಜನರ ಮುಂದೆ ನನಗೆ ಫಾತಿಹಾ ಕೊಡಬೇಕು."

ಉಸ್ತಾ ಚಹಾ ಬಟ್ಟಲು ಕೆಳಗಿಟ್ಟು ನಕ್ಕ. "ಆಯ್ತು ಕಣಮ್ಮ. ನೀರಲ್ಲಿ ಕಲ್ಲು ತೇಲಿದ್ ದಿನ ಅದೂ ಆಗಲಿ."

ಎರಡು ದಿನ ಅವಳು ಸೀಮೆಎಣ್ಣೆ ಸುರಿದು ಇಟ್ಟಿಗೆ ಚೂರಿನಿಂದ ತುಕ್ಕು ಉಜ್ಜಿದಳು. ಉಗುರೆಲ್ಲ ಕಪ್ಪಾಯಿತು. ಕದಿರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬುಧವಾರ ಬೆಳಿಗ್ಗೆ ಬೇರಿಂಗಿನ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಕಂದು ಬಣ್ಣದ ಅಂಟು, ಹಳೇ ಬೆಲ್ಲದ ಹಾಗೆ ಗಟ್ಟಿ. ಕುದಿಯುವ ನೀರು ಹೊಯ್ದಳು. ಆವಿ ಎದ್ದಿತು, ಅದರ ಜೊತೆ ಒಂದು ವಾಸನೆ. ತುರ್ಸುನೋಯ್ ಮೂಗರಳಿಸಿದಳು. ಪಲೋವ್ ಬಾಣಲೆಯ ವಾಸನೆ.

ಹತ್ತಿಕಾಳಿನ ಎಣ್ಣೆ. ಆ ಕಣಿವೆಯವರಿಗೆ ಪಲೋವಿಗೂ ಅದೇ, ತಲೆಗೂ ಅದೇ, ಬಾಗಿಲ ತಿರುಗಣಿಗೂ ಅದೇ. ಉಸ್ತಾ ಲೇತಿಗೂ ಅದನ್ನೇ ಕುಡಿಸಿದ್ದ. ಬಿಸಿಗೆ ಕಾದು ಕಾದು ಅದು ಅರಗಾಗಿತ್ತು. ಬೇರಿಂಗ್ ಚೆನ್ನಾಗಿಯೇ ಇತ್ತು. ತುರ್ಸುನೋಯ್ ಮೊದಲು ನಕ್ಕಳು, ಆಮೇಲೆ ಅವಳಿಗೆ ಸಿಟ್ಟು ನೆತ್ತಿಗೇರಿತು. ಮೆದು ಲೋಹಕ್ಕೆ ಗೀರು ಬೀಳದಂತೆ ಹಿಪ್ಪುನೇರಳೆ ಕಡ್ಡಿಯಿಂದ ಅಂಟನ್ನೆಲ್ಲ ಕೆರೆದು ಒಂದು ಬಟ್ಟಲಿಗೆ ತುಂಬಿ, ಟ್ರ್ಯಾಕ್ಟರ್ ಎಣ್ಣೆ ಬಿಟ್ಟಳು. ಕದಿರು ಒಂದೇ ಬೆರಳಿಗೆ ತಿರುಗಿತು.

ಗುರುವಾರ ಲಾರಿ ಬಂದು ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತಿತು. ಬೀದಿಯವರೂ ಬಂದರು. ತುರ್ಸುನೋಯ್ ಯಾರಿಗೂ ಸಲಾಮು ಹೇಳದೆ ಮೋಟರು ಹಾಕಿದಳು. ಲೇತು ಗುಂಯ್ಯೆಂದಿತು. ಅವಳ ಉಳಿಯ ಕೆಳಗೆ ಒಂದು ವಿಲ್ಲೋ ಮರದ ತುಂಡು ತೊಟ್ಟಿಲ ಕಾಲಾಯಿತು. ಅವಳು ಅದನ್ನು ಉಸ್ತಾನ ಕೈಯಲ್ಲಿಟ್ಟು ನಿಂತಳು.

ಉಸ್ತಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ತಪ್ಪು ಸಿಗಲಿಲ್ಲ. "ನಿನ್ ಅಳಿಯನ್ನ ಕರ್ಕೊಂಡ್ ಬಾ. ಪಟ್ಟಿ ಅವನಿಗೆ ಕಟ್ತೀನಿ. ನೀನು ಅವನ ಹೆಸರಲ್ಲಿ ಕೆಲಸ ಮಾಡು."

"ನನ್ನಳಿಯನಿಗೆ ಮೊಳೆ ನೆಟ್ಟಗೆ ಹೊಡೆಯಕ್ಕೆ ಬರಲ್ಲ" ಎಂದ ತುರ್ಸುನೋಯ್ ಆ ಅಂಟಿನ ಬಟ್ಟಲನ್ನು ಅವನ ಮುಂದೆ ಹಿಡಿದಳು. "ಮೂಸಿ ನೋಡಿ, ಉಸ್ತಾ."

ಉಸ್ತಾ ಮೂಸಿದ. ಅವನ ಕಿವಿ ಕೆಂಪಾಯಿತು. ಬೆನ್ನ ಹಿಂದೆ ನಿಂತಿದ್ದ ಅವನ ಹೆಂಡತಿ ಖಾಲ್ನಿಸಾ ಬಗ್ಗಿ ತಾನೂ ಮೂಸಿದಳು. "ಅಯ್ಯೋ, ನಮ್ಮನೆ ಎಣ್ಣೆ. ನಾನು ಹುಡುಕ್ತಿದ್ ಡಬ್ಬ ಇಲ್ಲಿಗ್ ಬಂದಿತ್ತಾ?"

"ಇದನ್ನ ಕೊಂದಿದ್ದು ಫಾತಿಹಾ ಪಡೆದ ಕೈ. ಬದುಕಿಸಿದ್ದು ಪಡೆಯದ ಕೈ" ಎಂದಳು ತುರ್ಸುನೋಯ್. "ನಿಮ್ ಮಗಳು ತುಂಬಿದ ಬಸುರಿ. ಚೊಚ್ಚಲ ತೊಟ್ಟಿಲು ತವರಿನದು. ಯಾವ ಕೈ ಕಡೆದದ್ದು ಕೊಡ್ತೀರಿ ಹೇಳಿ."

ಉಸ್ತಾ ಅಂಗೈ ಬಿಚ್ಚಲಿಲ್ಲ. ಖಾಲ್ನಿಸಾ ಅವನ ಕೈಯಿಂದ ತೊಟ್ಟಿಲ ಕಾಲನ್ನು ಕಿತ್ತು ಕಂಕುಳಿಗೆ ಸೇರಿಸಿದಳು. "ಇದರ ಜೊತೆದು ಇನ್ನೂ ಮೂರು ಬೇಕು, ಅಕ್ಕಾ. ಮಗು ಈ ತಿಂಗಳೇ."

ತುರ್ಸುನೋಯ್ ತನ್ನ ಮುಂಬಟ್ಟೆಯ ಎರಡು ಪಟ್ಟಿಗಳನ್ನು ಸೊಂಟದ ಹಿಂದೆ ತಾನೇ ಬಿಗಿದು ಗಂಟು ಹಾಕಿದಳು. ಎರಡನೆಯ ತುಂಡನ್ನು ಲೇತಿಗೆ ಸಿಕ್ಕಿಸಿ ಚಾಲಕನ ಕಡೆ ತಿರುಗಿದಳು.

"ಲಾರಿ ಆಚೆ ತೆಗಿಯಪ್ಪ. ಬೆಳಕಿಗೆ ಅಡ್ಡ ಆಗ್ತಿದೆ."